ಕೊಟ್ಟಿಗೆಯಿಂದ ಶುರುವಾಗಲಿ ಪ್ರವಾಸದ ಲೆಕ್ಕ

ಸಿದ್ದಾಪುರ ಅಂದೊಡನೆ ನಿಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಕನ್ನಡದ ಸಿದ್ದಾಪುರ ನೆನಪಾದೀತು. ಕೆಲವರಿಗೆ ಕೊಡಗಿನದು. ನಮ್ಮದು ಇವೆರಡೂ ಅಲ್ಲ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರ. ಗುರುತಿಗೆ ಅಶೋಕ ಸಿದ್ದಾಪುರ ಅನ್ನುತ್ತಾರೆ. ಅಡಿಕೆ ಸೀಮೆ ಅಲ್ಲ. ಶೇಂಗಾ, ಕುರಿ, ಕಲ್ಲುಗುಂಡಿನ ಸೀಮೆ. ಪಕ್ಕದಲ್ಲೇ ಚಿನ್ನ ಹಗರಿ ನದಿ, ಎದುರಿಗೆ ಬ್ರಹ್ಮಗಿರಿ, ಅದರಾಚೆ ಜಟಿಂಗ ರಾಮೇಶ್ವರ ಬೆಟ್ಟ.

ನದಿ, ಬೆಟ್ಟ ಎರಡೂ ಇರುವ ಇಂಥ ಜಾಗಕ್ಕೆ ಒಂದೂವರೆ ದಿನದ ಪ್ರವಾಸ ಹೇಗೆ ಹಾಕಿಕೊಳ್ಳಬಹುದು ಅಂತ ಬರೆಯುತ್ತಿದ್ದೇನೆ. ಇದರ ಲೆಕ್ಕ ಬೇರೆ ಊರಿಗೂ ಹೊಂದುತ್ತದೆ.

ಮೊದಲ ಪ್ರಶ್ನೆ: ಹಾಲು ಕರೆಯುವವರು ಯಾರು?

ನೌಕರಿಯವರು ರಜೆ ಚೀಟಿ ಬರೆದುಕೊಟ್ಟು ಹೊರಡುತ್ತಾರೆ. ಎಮ್ಮೆಗೆ ರಜೆ ಚೀಟಿ ಗೊತ್ತಿಲ್ಲ. ಸಣ್ಣ ರೈತರ ಮನೆಯಲ್ಲಿ ಪ್ರವಾಸ ನಿಂತುಹೋಗುವುದು ದುಡ್ಡಿಲ್ಲದೆ ಮಾತ್ರವಲ್ಲ, ಕೊಟ್ಟಿಗೆ ಬಿಡಲಾಗದೆ. ಕೊನೆಗೆ ಗಂಡಸರು ಹೋಗಿ ಬರುತ್ತಾರೆ, ಮನೆಯಾಕೆ ಉಳಿಯುತ್ತಾಳೆ. ಅವಳ ಸರದಿ ಮುಂದಿನ ವರ್ಷ ಅನ್ನೋದು ಮಾತು. ಆ ವರ್ಷ ಬರೋದೇ ಇಲ್ಲ.

ಇದಕ್ಕೆ ನಮ್ಮಲ್ಲೇ ದಾರಿ ಇದೆ - ಮುಯ್ಯಾಳು. ಕಳೆ ತೆಗೆಯಲು, ಶೇಂಗಾ ಕೀಳಲು ಮುಯ್ಯಿ ಮಾಡುತ್ತೇವಲ್ಲ, ಹಾಗೇ ಪ್ರವಾಸಕ್ಕೂ ಮುಯ್ಯಿ. ಈ ತಿಂಗಳು ನಿಮ್ಮ ಮನೆಯವರು ಹೊರಡಿ, ಪಕ್ಕದ ಮನೆಯವರು ನಿಮ್ಮ ಕೊಟ್ಟಿಗೆ ನೋಡಲಿ. ಮುಂದಿನ ತಿಂಗಳು ಅವರು ಹೊರಡಲಿ, ನೀವು ನೋಡಿ. ಹೊಸಬರಿಗೆ ಹಾಲು ಕೊಡದ ದನ ಇದ್ದರೆ ಹೊರಡುವ ನಾಲ್ಕಾರು ದಿನ ಮುಂಚೆಯೇ ಅವರನ್ನು ಕರೆದು ಹಿಂಡಿ ಇಡಿಸಿ, ಮೈ ತಡವಿಸಿ, ಕೈ ಅಭ್ಯಾಸ ಮಾಡಿಸಿ. ಗಬ್ಬದ ದಿನ ತುಂಬಿದ ಎಮ್ಮೆ ಇದ್ದರೆ ಪ್ರವಾಸ ಮುಂದಕ್ಕೆ ಹಾಕುವುದೇ ಮೇಲು. ಮೇವು ಕೊಯ್ದು ಒಟ್ಟಿ, ಹಿಂಡಿ ಅಳೆದು ಇಟ್ಟು, ಪಶುವೈದ್ಯರ ಫೋನ್ ನಂಬರನ್ನು ಗೋಡೆ ಮೇಲೆ ಬರೆದು ಹೊರಡಿ. ಇಷ್ಟಾದರೆ ಅರ್ಧ ಪ್ರವಾಸ ಆದಂತೆ.

ಯಾವಾಗ?

ನಮ್ಮದು ಮಳೆ ಕಡಿಮೆ ಬೀಳುವ ನಾಡು. ಮಾರ್ಚಿನಿಂದ ಮೇ ತನಕ ಬರಲೇಬೇಡಿ. ಬಂಡೆ ಕಾದು ಹೆಂಚಾಗಿರುತ್ತದೆ.

ಎರಡು ಕಾಲ ಚೆನ್ನ. ಒಂದು, ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಶೇಂಗಾ ಕಿತ್ತು ಮುಗಿದಿರುತ್ತದೆ, ಬಿಸಿಲು ಹಿತ. ಬಯಲುಸೀಮೆಯ ಮಳೆಯಾಶ್ರಿತ ರೈತರಿಗೆ ಇದೇ ಬಿಡುವಿನ ಕಾಲ. ಇನ್ನೊಂದು, ಜುಲೈ-ಆಗಸ್ಟ್. ಇದು ಮಲೆನಾಡಿನವರಿಗೆ ಹೇಳಿದ್ದು. ನಿಮ್ಮಲ್ಲಿ ಜಡಿಮಳೆ ಹಿಡಿದು ಅಂಗಳಕ್ಕೂ ಇಳಿಯಲಾಗದ ದಿನಗಳಲ್ಲಿ ನಮ್ಮಲ್ಲಿ ಬರೀ ಮೋಡ, ಗಾಳಿ, ಆಗೊಮ್ಮೆ ಈಗೊಮ್ಮೆ ಹನಿ. ಬೆಟ್ಟ ಹತ್ತಲು ಹದವಾದ ಹವೆ. ನಾವು ಮುಗಿಲು ನೋಡುತ್ತ ಕೂತಿರುತ್ತೇವೆ, ನಿಮಗೆ ಅದೇ ಸುಖ! ನಮ್ಮ ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರಿನದು. ಆಗ ಬಂದರೆ ಗುಡ್ಡ ಹಸಿರಾಗಿರುತ್ತದೆ, ಅದೃಷ್ಟ ಇದ್ದರೆ ಹಳ್ಳದಲ್ಲಿ ನೀರೂ ಕಂಡೀತು. ಆದರೆ ಬಂಡೆ ಜಾರುತ್ತದೆ, ವಯಸ್ಸಾದವರನ್ನು ಹತ್ತಿಸಬೇಡಿ.

ದಾರಿ

ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿ ಹಿಡಿದರೆ ಚಳ್ಳಕೆರೆ, ಮುಂದೆ ಹಾನಗಲ್. ಇದು ಹಾವೇರಿ ಜಿಲ್ಲೆಯ ಹಾನಗಲ್ ಅಲ್ಲ, ನಮ್ಮ ತಾಲೂಕಿನದೇ. ಅಲ್ಲಿ ತಿರುಗಿದರೆ ಮೊಳಕಾಲ್ಮೂರು. ಅಲ್ಲಿಂದ ಉತ್ತರಕ್ಕೆ ಸಿದ್ದಾಪುರ. ಚಿಕ್ಕಜಾಜೂರಿನಿಂದ ಚಿತ್ರದುರ್ಗ, ಚಳ್ಳಕೆರೆ ಮೇಲೆ ರಾಯದುರ್ಗ, ಬಳ್ಳಾರಿಗೆ ಹೋಗುವ ರೈಲು ದಾರಿಯೂ ಉಂಟು.

ಮೊಬೈಲಿನಲ್ಲಿ ದಾರಿ ಹುಡುಕುವವರು ಬರೀ 'ಸಿದ್ದಾಪುರ' ಅಂತ ಕೊಟ್ಟರೆ ಬೇರೆ ಊರಿಗೆ ಹೋದೀರಿ. 'ಅಶೋಕ ಸಿದ್ದಾಪುರ' ಅಂತಲೇ ಕೊಡಿ. ಬಸ್ಸಿನಲ್ಲಿ ಬರುವ ಹೆಂಗಸರಿಗೆ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಹಳ್ಳಿ ಬಸ್ಸು ಕಡಿಮೆ. ಇಳಿಯುವಾಗಲೇ ವಾಪಸು ಬಸ್ಸಿನ ಹೊತ್ತನ್ನು ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಎಂಟು-ಹತ್ತು ಜನ ಆದರೆ ಟೆಂಪೋ ಮಾಡಿಕೊಂಡು ಬರುವುದೇ ಅಗ್ಗ. ರಾತ್ರಿ ತಂಗಲು ಮೊಳಕಾಲ್ಮೂರು ಇಲ್ಲವೇ ಚಳ್ಳಕೆರೆ.

ಜಾಗ ಕಡಿಮೆ ಮಾಡಿ

ಪ್ರವಾಸ ಕೆಡುವುದು ಪಟ್ಟಿಯಿಂದ. ಬಂದವರು ಹಂಪಿಯನ್ನೂ ಸೇರಿಸುತ್ತಾರೆ, ಚಿತ್ರದುರ್ಗದ ಕೋಟೆಯನ್ನೂ ಸೇರಿಸುತ್ತಾರೆ, ವಾಣಿವಿಲಾಸ ಸಾಗರವನ್ನೂ ಬಿಡುವುದಿಲ್ಲ. ಆಮೇಲೆ ನೋಡಿದ್ದು ಬಸ್ಸಿನ ಕಿಟಕಿ ಮಾತ್ರ. ಒಂದು ನದಿ, ಎರಡು ಬೆಟ್ಟ, ಮೂರು ಬಂಡೆ - ಇಷ್ಟೇ ಇಟ್ಟುಕೊಳ್ಳಿ.

ಮೊದಲ ದಿನ ಮಧ್ಯಾಹ್ನ ಮೂರರ ಮೇಲೆ

ಬಿಸಿಲು ಇಳಿದ ಮೇಲೆ ಬ್ರಹ್ಮಗಿರಿಯ ಬುಡಕ್ಕೆ ಹೋಗಿ. ಮಂಡಿ ನೋವಿನ ಅಮ್ಮ, ಅಜ್ಜಿಯರೂ ಬರಬಹುದು, ಹತ್ತುವ ಕೆಲಸ ಇಲ್ಲ. ಅಲ್ಲಿರುವ ಬಂಡೆಯನ್ನು ಹಳ್ಳಿಯವರು ಮೊದಲಿಂದಲೂ 'ಅಕ್ಷರ ಗುಂಡು' ಅನ್ನುತ್ತಿದ್ದರು. ಅದರಲ್ಲಿ ಅಕ್ಷರ ಇದೆ ಅಂತ ದನ ಕಾಯುವವರಿಗೂ ಗೊತ್ತಿತ್ತು; ಏನು ಬರೆದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಇದನ್ನೂ, ಸಿದ್ದಾಪುರದ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳನ್ನೂ ಪತ್ತೆ ಮಾಡಿದ ಮೇಲೆ, ಇವು ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳು ಅಂತ ಲೋಕಕ್ಕೆ ತಿಳಿಯಿತು. ತಮಾಷೆ ಅಂದರೆ ನಮ್ಮ ಬಂಡೆಗಳಲ್ಲಿ ಅಶೋಕ ಅನ್ನೋ ಹೆಸರೇ ಇಲ್ಲ, 'ದೇವಾನಾಂಪ್ರಿಯ' ಅಂತಷ್ಟೇ ಇದೆ. ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ. ಇಸಿಲ ಅಂದರೆ ಇದೇ ಬಯಲಿನಲ್ಲಿದ್ದ ಹಳೆಯ ಊರು. ಬರೆದವನು ಚಪಡ. ಕೊನೆಯಲ್ಲಿ ಅವನು ಒಂದು ಪದವನ್ನು ವಾಯವ್ಯ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಷ್ಟು ದೂರದ ಅಕ್ಷರ ಕಲಿತವನು ನಮ್ಮ ಶೇಂಗಾ ಹೊಲದ ಅಂಚಿನ ತನಕ ಬಂದಿದ್ದ ಅಂತಾಯಿತು.

ಒಳಗಿನ ಮಾತು ಏನು? ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಇನ್ನೊಂದು ಮಾತು ನನಗೆ ಬಹಳ ಹಿಡಿಸಿದ್ದು. ಒಳ್ಳೆಯದನ್ನು ಸಾಧಿಸುವುದು ದೊಡ್ಡವರಿಗೆ ಮಾತ್ರ ಅಲ್ಲ, ಪ್ರಯತ್ನ ಪಟ್ಟರೆ ಸಣ್ಣವನಿಗೂ ಆಗುತ್ತದೆ ಅಂತ ಅದರಲ್ಲಿದೆ. ಈ ಅರ್ಥವನ್ನು ಮಕ್ಕಳಿಗೆ ಬಂಡೆಯ ಮುಂದೆಯೇ ಹೇಳಿ. ಪುಸ್ತಕದಲ್ಲಿ ಓದಿದ್ದಕ್ಕಿಂತ ನಿಲ್ಲುತ್ತದೆ.

ಸುತ್ತಲ ಬಯಲೇ ಹಳೆಯ ಊರು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಇಲ್ಲಿ ಮೊದಲು ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ದೊಡ್ಡದಾಗಿ ಅಗೆಸಿದರು. ಬುಡದಲ್ಲಿ ಕಲ್ಲಿನ ಕೊಡಲಿ ಬಳಸಿದವರ ಪದರ, ಅದರ ಮೇಲೆ ಕಬ್ಬಿಣ ಕಂಡವರದು - ಚಪ್ಪಡಿ ಕಲ್ಲಿನ ಗೋರಿ ಕಟ್ಟಿದವರು ಇವರೇ - ಅದರ ಮೇಲೆ ಶಾತವಾಹನ ಕಾಲದ್ದು. ಬೋಕಿಬಿಲ್ಲೆ ಕಂಡರೆ ನೋಡಿ, ಜೇಬಿಗೆ ಹಾಕಬೇಡಿ.

ಇನ್ನೊಂದು ಶಾಸನ ಪಶ್ಚಿಮಕ್ಕೆ ಒಂದು ಮೈಲಿಯಷ್ಟು ದೂರ, ಸಿದ್ದಾಪುರದ ಕಡೆ. ಆ ಗುಂಡುಗಳ ಹೆಸರು ಎನಮನ ತಿಮ್ಮಯ್ಯನ ಗುಂಡ್ಲು - ಎಮ್ಮೆ ಕಾಯುವ ತಿಮ್ಮಯ್ಯನ ಬಂಡೆಗಳು. ಚಕ್ರವರ್ತಿಯ ಬಂಡೆಗೆ ಎಮ್ಮೆ ಕಾಯುವವನ ಹೆಸರು ಉಳಿದಿದೆ ನೋಡಿ!

ಸಂಜೆ ನದಿಗೆ

ಚಿನ್ನ ಹಗರಿ ಅಂದರೆ ಬಂಗಾರದ ಹಗರಿ ಅಲ್ಲ. ಇಲ್ಲಿ ತೆಲುಗು ಮಾತೂ ಬೆರೆತಿದೆ; ಚಿನ್ನ ಅಂದರೆ ಚಿಕ್ಕ. ಜಿನಗಿ ಹಳ್ಳ ಅಂತಲೂ ಕರೆಯುತ್ತಾರೆ. ಇದಕ್ಕೆ ಕಟ್ಟಿದ್ದೇ ರಂಗಯ್ಯನದುರ್ಗದ ಅಣೆಕಟ್ಟು. ಹಳ್ಳ ಮುಂದೆ ದೊಡ್ಡ ಹಗರಿಗೆ, ಅಂದರೆ ವೇದಾವತಿಗೆ ಸೇರುತ್ತದೆ.

ಮಲೆನಾಡಿನವರು 'ನೀರೆಲ್ಲಿ?' ಅಂತ ಕೇಳುತ್ತಾರೆ. ವರ್ಷದ ಹೆಚ್ಚಿನ ತಿಂಗಳು ಕಾಣೋದು ಮರಳೇ. ನೀರು ಅದರ ಒಳಗಿದೆ. ಮರಳು ಮಳೆನೀರು ಕುಡಿದು, ಬಿಸಿಲಿಗೆ ಬಿಡದೆ ಹಿಡಿದಿಟ್ಟು, ಇಕ್ಕೆಲದ ಬಾವಿಗಳಿಗೆ ನಿಧಾನಕ್ಕೆ ಬಿಡುತ್ತದೆ. ಹಿಂದೆಲ್ಲ ಮರಳಿನಲ್ಲಿ ಒರತೆ ತೋಡಿ ಕುಡಿಯುತ್ತಿದ್ದರು, ಕಾಲುವೆ ತೆಗೆದು ಬೆಳೆಗೂ ಹಾಯಿಸುತ್ತಿದ್ದರು. ಮರಳು ಲಾರಿ ಹತ್ತಿದ ಕಡೆ ದಂಡೆಯ ಬಾವಿ ಬತ್ತುತ್ತದೆ. ನಿಮ್ಮೂರ ಹೊಳೆಯ ಮರಳನ್ನೂ ಇದೇ ಕಣ್ಣಿನಿಂದ ನೋಡಿ.

ನೀರು ತುಂಬಿದ್ದನ್ನೇ ನೋಡಬೇಕು ಅನ್ನುವವರು ವಾಪಸಾಗುವಾಗ ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರಕ್ಕೆ ಹೋಗಬಹುದು. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಅಣೆ ಅದು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಹರಿದದ್ದು 2022ರಲ್ಲಿ - 89 ವರ್ಷದ ಮೇಲೆ! ನಮ್ಮ ಸೀಮೆಯಲ್ಲಿ ನೀರು ಅಂದರೆ ಏನು ಅಂತ ಇದೊಂದೇ ಲೆಕ್ಕ ಹೇಳುತ್ತದೆ.

ಎರಡನೆ ದಿನ ಬೆಳಗ್ಗೆ

ಜಟಿಂಗ ರಾಮೇಶ್ವರ ಬೆಟ್ಟ. ಸಮುದ್ರಮಟ್ಟದಿಂದ 3,469 ಅಡಿ ಅಂತ ಹಳೆಯ ಗೆಜೆಟಿಯರಿನ ಲೆಕ್ಕ. ಸೀತೆಯನ್ನು ಕದ್ದೊಯ್ಯುವಾಗ ಜಟಾಯು ರಾವಣನಿಗೆ ಅಡ್ಡ ಬಿದ್ದು ಜೀವ ಬಿಟ್ಟದ್ದು ಇಲ್ಲೇ ಅಂತ ನಂಬಿಕೆ. ಮೇಲೆ ರಾಮೇಶ್ವರನ ಗುಡಿ.

ಬೆಳಕು ಹರಿದ ಕೂಡಲೇ ಹತ್ತಲು ಶುರು ಮಾಡಿ, ಹತ್ತು ಗಂಟೆಗೆ ಇಳಿದಿರಿ. ಕತ್ತಲಲ್ಲಿ ಬೇಡ, ಕಲ್ಲುಸಂದಿಯಲ್ಲಿ ಕರಡಿ ಇದ್ದೀತು. ಒಮ್ಮೆ ನಮ್ಮ ನೆಂಟರ ಗುಂಪು ತಿಂಡಿ, ಕಾಫಿ ಎಲ್ಲ ಮುಗಿಸಿ ಹನ್ನೊಂದಕ್ಕೆ ಹತ್ತಿತು. ಎಂಟು ಜನಕ್ಕೆ ಎರಡು ಬಾಟಲಿ ನೀರು. ಅರ್ಧ ದಾರಿಯಲ್ಲಿ ನಮ್ಮ ಸೋದರತ್ತೆ ತಲೆ ಸುತ್ತಿ ಕೂತರು. ನೆರಳಿಲ್ಲ. ಸೀರೆ ಸೆರಗು ಅಡ್ಡ ಹಿಡಿದು ಗಂಟೆ ಹೊತ್ತು ಕಾದು, ಕೈಹಿಡಿದು ಇಳಿಸಬೇಕಾಯಿತು. ಅವರನ್ನು ದೂರದಿಂದ ಕರೆಸಿದವನು ನಾನೇ. ಹೊತ್ತು ಹೇಳದೆ ಬಿಟ್ಟವನೂ ನಾನೇ. ಅಂದಿನಿಂದ ನನ್ನ ಲೆಕ್ಕ - ತಲೆಗೆ ಎರಡು ಲೀಟರ್, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ.

ಮೂರನೆಯ ಶಾಸನ ಇರುವುದು ಈ ಬೆಟ್ಟದ ಮೇಲೆ, ಗುಡಿಗೆ ಹೋಗುವ ಮೆಟ್ಟಿಲಿನ ಹತ್ತಿರ. ಹೆಸರು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಬಂಡೆ ಅದು. ಮಲಗಿದ ಬಂಡೆಯಾದ್ದರಿಂದ ಜನ ತುಳಿದು ತುಳಿದು, ಮೂರರಲ್ಲಿ ಹೆಚ್ಚು ಸವೆದದ್ದು ಇದೇ. ರೈಸ್ ನೋಡುವ ಹೊತ್ತಿಗೇ ಬಹಳ ಅಕ್ಷರ ಹೋಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಭಕ್ತಿಯಿಂದ ಬಂದವರ ಕಾಲೇ, ಬಳೆ ಕೊಳ್ಳಲು ಬಂದ ನಮ್ಮ ಅಜ್ಜಿಯರ ಕಾಲೇ. ಆದರೂ ಹೋದ ಅಕ್ಷರ ಬರುವುದಿಲ್ಲ. ಆದ್ದರಿಂದ ಒಂದೇ ಕೋರಿಕೆ: ಬಂಡೆ ಹತ್ತಬೇಡಿ, ನೀರು ಸುರಿದು ಉಜ್ಜಬೇಡಿ, ಸುಣ್ಣದ ಕಡ್ಡಿ ತೀಡಿ ಫೋಟೋ ತೆಗೆಯಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರ ತಾನೇ ಕಾಣುತ್ತದೆ. ಬೇಗ ಹತ್ತಿ ಅಂದದ್ದಕ್ಕೆ ಅದೂ ಒಂದು ಕಾರಣ.

ಇಳಿದ ಮೇಲೆ ಹೊತ್ತಿದ್ದರೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮಗ್ಗ ನೋಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಸೀರೆ ಇದು. ಕೊಳ್ಳದಿದ್ದರೂ ಪರವಾಗಿಲ್ಲ, ನೇಯುವವರನ್ನು ಕೇಳಿ ಒಳಗೆ ಹೋಗಿ. ಹೊಲದ ಬದಿಯಲ್ಲಿ ಯಾರಾದರೂ ಕಂಡರೆ ನಿಂತು ಮಾತಾಡಿಸಿ. ಇಷ್ಟು ಕಡಿಮೆ ಮಳೆಯಲ್ಲಿ ಶೇಂಗಾ ನಡುವೆ ತೊಗರಿ ಅಕ್ಕಡಿ ಯಾಕೆ ಹಾಕುತ್ತಾರೆ, ಕುರಿ ಮಂದೆ ಯಾಕೆ ತರುಬಿಸುತ್ತಾರೆ ಅಂತ ಅವರೇ ಹೇಳುತ್ತಾರೆ.

ಜೊತೆಗಿರಲಿ

ಟೋಪಿ ಅಥವಾ ಟವೆಲ್, ಗಟ್ಟಿ ಚಪ್ಪಲಿ, ಬ್ಯಾಟರಿ, ದಿನವೂ ನುಂಗುವ ಮಾತ್ರೆ, ಕಸ ತುಂಬಿ ವಾಪಸು ಒಯ್ಯಲು ಒಂದು ಚೀಲ. ಬೆಟ್ಟದಲ್ಲಿ ಹೋಟೆಲು ನಂಬಬೇಡಿ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಇರಲಿ. ಆದರೆ ಬುತ್ತಿ ಕಟ್ಟುವ ಕೆಲಸ ಒಬ್ಬಳ ಮೇಲೆ ಬೀಳದಂತೆ ಮನೆಗೊಂದು ಪದಾರ್ಥ ಹಂಚಿಕೊಳ್ಳಿ. ನಡುರಾತ್ರಿ ಎದ್ದು ರೊಟ್ಟಿ ತಟ್ಟಿದವಳು ಬೆಟ್ಟದಲ್ಲಿ ಏನು ನೋಡಿಯಾಳು?

ಎರಡನೆ ದಿನ ಮಧ್ಯಾಹ್ನ ಹೊರಟರೆ ಹತ್ತಿರದ ಜಿಲ್ಲೆಯವರು ರಾತ್ರಿಗೆ ಮನೆ ಸೇರಬಹುದು. ಕೊಟ್ಟಿಗೆ ನೋಡಿದ ಪಕ್ಕದ ಮನೆಯವರಿಗೆ ನಮ್ಮ ಕಡೆಯ ಒಂದು ಸೇರು ಶೇಂಗಾ ಒಯ್ಯಿರಿ. ಅವರು ಹೊರಡುವ ದಿನವನ್ನು ಅಂದೇ ಗೊತ್ತು ಮಾಡಿಬಿಡಿ. ಮುಯ್ಯಿ ತೀರಬೇಕಲ್ಲ.