ಮುಟ್ಟಿಗೆ ಮುಂಚಿನ ಆ ಒಂದು ವಾರ

ಬೀದರ್ ಜಿಲ್ಲೆಯ ಬಸವಕಲ್ಯಾಣ ಕರಾವಳಿಯ ನಮಗೆ ಹನ್ನೆರಡನೆಯ ಶತಮಾನದ ಶರಣರ ಊರಾಗಿ ಪರಿಚಿತ. ಜನನ, ಮರಣ, ಜಾತಿ, ಎಂಜಲುಗಳ ಸೂತಕದೊಡನೆ ಮುಟ್ಟಿನ ಸೂತಕವನ್ನೂ ಶರಣರು ತಳ್ಳಿಹಾಕಿದ್ದರು. ಆದರೂ ಅಲ್ಲಿಯಾಗಲಿ, ನೆರೆಯ ಹುಮನಾಬಾದಿನಲ್ಲಾಗಲಿ, ನಮ್ಮ ಮನೆಗಳಲ್ಲಾಗಲಿ ಮುಟ್ಟಿನ ಮಾತು ಇಂದಿಗೂ ಪಿಸುದನಿಯಲ್ಲೇ ನಡೆಯುತ್ತದೆ. ಹೀಗಾಗಿ ಅದಕ್ಕೆ ಸಂಬಂಧಿಸಿದ ಒಂದು ಗಂಭೀರ ಮಾನಸಿಕ ಕಾಯಿಲೆ ಕಣ್ಣಿಗೆ ಬೀಳದೇ ಉಳಿಯುತ್ತದೆ. ವೈದ್ಯರು ಅದನ್ನು ಪಿ.ಎಂ.ಡಿ.ಡಿ. ಎನ್ನುತ್ತಾರೆ.

ಮುಟ್ಟಿಗೆ ಮುಂಚೆ ಹೊಟ್ಟೆ ಉಬ್ಬರ, ತುಸು ಸಿಡುಕು ಅನೇಕ ಮಹಿಳೆಯರಿಗೆ ಇದ್ದದ್ದೇ. ಈ ಕಾಯಿಲೆ ಅದಕ್ಕಿಂತ ಬಹಳ ತೀವ್ರ. ಮುಟ್ಟಿಗೆ ಒಂದು ವಾರವಿರುವಾಗ ತಡೆಯಲಾಗದ ಸಿಟ್ಟು, ಅಳು, ಆತಂಕ, ಬದುಕೇ ಬೇಡವೆಂಬ ನಿರಾಶೆ ಕವಿಯುತ್ತವೆ. ಕೆಲಸ ಕೆಡುತ್ತದೆ, ಸಂಬಂಧ ಹಳಸುತ್ತದೆ. ಮುಟ್ಟು ಆರಂಭವಾದ ಕೆಲವೇ ದಿನಗಳಲ್ಲಿ ಎಲ್ಲವೂ ತಿಳಿಯಾಗುತ್ತದೆ. ಮನೆಯವರು ಇದನ್ನು ಹಟ ಎನ್ನುತ್ತಾರೆ, ಕೆಲವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ತಾನಾಗಿಯೇ ತಿಳಿಯಾದದ್ದಕ್ಕೆ ತಾಯಿತಕ್ಕೆ ಹೆಸರು ಬರುತ್ತದೆ!

ಇಲ್ಲಿ ಹಾರ್ಮೋನುಗಳ ಪ್ರಮಾಣ ಸಾಮಾನ್ಯವಾಗಿಯೇ ಇರುತ್ತದೆ. ಅವುಗಳ ಏರಿಳಿತಕ್ಕೆ ಮಿದುಳು ಅತಿಯಾಗಿ ಸ್ಪಂದಿಸುತ್ತದೆ. ಆದ್ದರಿಂದ ರಕ್ತಪರೀಕ್ಷೆಯ ವರದಿ ಸರಿಯಿದೆ ಎಂದಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಥೈರಾಯ್ಡ್, ರಕ್ತಹೀನತೆ ಇವೆಯೇ ಎಂದು ನೋಡಲು ಮಾತ್ರ ಆ ಪರೀಕ್ಷೆ ಉಪಯುಕ್ತ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಒಪ್ಪಿತು. ಅದರ ಪ್ರಕಾರ ಹನ್ನೊಂದು ಲಕ್ಷಣಗಳಲ್ಲಿ ಕನಿಷ್ಠ ಐದು ಕಾಣಬೇಕು.

ಹಾಗಾದರೆ ಗುರುತಿಸುವುದು ಹೇಗೆ? ಗೋಡೆಯ ಕ್ಯಾಲೆಂಡರ್ ಸಾಕು. ಹಾಲಿನ ಲೆಕ್ಕ ಬರೆಯುವಲ್ಲೇ ಪ್ರತಿದಿನ ಮನಸ್ಸು ಹೇಗಿತ್ತು, ನಿದ್ರೆ ಬಂತೇ, ಮುಟ್ಟು ಯಾವ ದಿನ ಎಂದು ಎರಡು ತಿಂಗಳು ಗುರುತು ಹಾಕಬೇಕು. ನೆನಪಿನಿಂದ ಹೇಳಿದರೆ ತಪ್ಪುವುದೇ ಹೆಚ್ಚು. ಮುಟ್ಟು ಮುಗಿದ ವಾರದಲ್ಲೂ ಮನಸ್ಸು ಕುಗ್ಗಿಯೇ ಇದ್ದರೆ ಅದು ಬೇರೆ ಖಿನ್ನತೆಯಾಗಿರಬಹುದು. ಆದರೆ ಸಾಯುವ ಯೋಚನೆ ಬಂದರೆ ಎರಡು ತಿಂಗಳು ಕಾಯಬಾರದು, ಅಂದೇ ವೈದ್ಯರನ್ನು ಕಾಣಬೇಕು.

ಚಿಕಿತ್ಸೆ ದುಬಾರಿಯಲ್ಲ. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್ ಮಾತ್ರೆಗಳು ಸಾಮಾನ್ಯ ಖಿನ್ನತೆಯಲ್ಲಿ ಗುಣ ತೋರಿಸಲು ವಾರಗಳು ಬೇಕು. ಇಲ್ಲಿ ಕೆಲವೇ ದಿನ. ಅದರಿಂದಾಗಿ ಹಲವರಿಗೆ ಮುಟ್ಟಿನ ಮುಂಚಿನ ಎರಡು ವಾರ ಮಾತ್ರ ನುಂಗಿದರೂ ಸಾಕಾಗುತ್ತದೆ. ಕೆಲವರಿಗೆ ಡ್ರೋಸ್ಪಿರಿನೋನ್ ಇರುವ ಗರ್ಭನಿರೋಧಕ ಮಾತ್ರೆ ಒಗ್ಗುತ್ತದೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಲ್ಲದು. ಔಷಧದಂಗಡಿಯಲ್ಲಿ ಕೇಳಿ ತಾವೇ ನುಂಗುವುದು ಬೇಡ. ವ್ಯಾಯಾಮ, ಆಪ್ತಸಮಾಲೋಚನೆಯೂ ನೆರವಾಗುತ್ತವೆ.

ರಾಜ್ಯ ಸರಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಾಯಿತು. ಬಸವಕಲ್ಯಾಣ, ಹುಮನಾಬಾದಿನವರು ಯಾವ ವಾರವೆಂದು ತಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ಹೋಗುವುದು ಒಳಿತು. ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್, 14416, ಹಗಲು ರಾತ್ರಿ ಉಚಿತ; ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋಗುವಾಗ ಆ ಕ್ಯಾಲೆಂಡರಿನ ಹಾಳೆಗಳನ್ನು ಒಯ್ಯಲು ಮರೆಯಬೇಡಿ.