ಪಾಪಾಸುಕಳ್ಳಿಯ ಪಾಠ: ಮರುಭೂಮಿಯ ಜೀವಿಗಳು ಬದುಕುವ ಬಗೆ

ಟಾಲಿಗಂಜಿನ ನಮ್ಮ ಕನ್ನಡ ಮನೆಗಳ ಬಾಲ್ಕನಿಗಳಲ್ಲಿ ತುಳಸಿ, ದಾಸವಾಳಗಳ ಜೊತೆಗೆ ಒಂದೆರಡು ಕುಂಡಗಳಲ್ಲಿ ಕಳ್ಳಿಗಿಡವೂ ಇರುವುದುಂಟು. ವೈಶಾಖದ ಬಿಸಿಲನ್ನು ಲೆಕ್ಕಿಸದ ಈ ಗಿಡ ಶ್ರಾವಣದ ಮಳೆಗೆ ಬುಡದಲ್ಲಿ ಕೊಳೆತು ಬೀಳುತ್ತದೆ. ನೀರಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಸಸ್ಯ ನೀರು ಹೆಚ್ಚಾಗಿ ಸಾಯುವುದೇಕೆ? ಈ ಸಣ್ಣ ಪ್ರಶ್ನೆಯ ಹಿಂದೆ ಮರುಭೂಮಿಯ ಬದುಕಿನ ಗುಟ್ಟೇ ಅಡಗಿದೆ. ಆ ಗುಟ್ಟಿನ ಕಥೆಯಲ್ಲಿ ಬೆಂಗಳೂರಿಗೂ ಕೋಲ್ಕತ್ತೆಗೂ ಒಂದೊಂದು ಪಾತ್ರವಿದೆ ಎಂಬುದು ನಮಗೆ ಸಂತೋಷದ ವಿಷಯ.

ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಕೋಲ್ಕತ್ತೆಯಲ್ಲಿ 1,600 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಕರ್ನಾಟಕದಲ್ಲಿ ನಿಜವಾದ ಮರುಭೂಮಿ ಇಲ್ಲವಾದರೂ ಚಿತ್ರದುರ್ಗ, ಬಳ್ಳಾರಿ, ರಾಯಚೂರು, ವಿಜಯಪುರಗಳ ಒಣನೆಲದಲ್ಲಿ ಬರಗಾಲವನ್ನು ಎದುರಿಸುವ ಜೀವಿಗಳನ್ನು ಧಾರಾಳವಾಗಿ ಕಾಣಬಹುದು. ಅವುಗಳಲ್ಲಿ ಪಾಪಾಸುಕಳ್ಳಿ ನಮ್ಮವರೆಲ್ಲರಿಗೂ ಪರಿಚಿತ.

ಪಾಪಾಸುಕಳ್ಳಿ ಅಮೆರಿಕ ಖಂಡದ ಮೂಲದ್ದು. ಅದರ ಎಲೆಗಳೇ ಮುಳ್ಳುಗಳಾಗಿ ಮಾರ್ಪಟ್ಟಿವೆ. ಎಲೆಯಂತೆ ಕಾಣುವ ಹಸಿರು ಹಲಗೆಗಳು ವಾಸ್ತವವಾಗಿ ಕಾಂಡ. ಆಹಾರ ತಯಾರಿಕೆ ನಡೆಯುವುದು ಅಲ್ಲಿಯೇ. ಮೇಣದಂತಹ ಸಿಪ್ಪೆ ನೀರು ಆವಿಯಾಗದಂತೆ ತಡೆಯುತ್ತದೆ, ಒಳಗಿನ ಲೋಳೆ ನೀರನ್ನು ಹಿಡಿದಿಡುತ್ತದೆ. ಬೇರುಗಳು ಆಳಕ್ಕಿಳಿಯದೆ ನೆಲದ ಮೇಲ್ಪದರದಲ್ಲಿ ಅಗಲವಾಗಿ ಹರಡಿ, ಬಿದ್ದ ಅಲ್ಪ ಮಳೆಯನ್ನೂ ಕೂಡಲೇ ಹೀರಿಕೊಳ್ಳುತ್ತವೆ. ಇಂತಹ ಬೇರಿಗೆ ಗಾಳಿಯಾಡುವ ಸಡಿಲ ನೆಲ ಬೇಕು. ಸದಾ ಒದ್ದೆಯಾದ ಕುಂಡದಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ, ಶಿಲೀಂಧ್ರಗಳು ಮುತ್ತುತ್ತವೆ. ನಮ್ಮ ಬಾಲ್ಕನಿಯ ಗಿಡ ಕೊಳೆಯುವುದು ಈ ಕಾರಣದಿಂದ.

ನೆರೆಯ ಬಂಗಾಳಿಗಳು ಮನಸಾದೇವಿಯ ಪೂಜೆಗೆ ಬಳಸುವ ಸಿಜ್ ಗಿಡ ನಮ್ಮ ಎಲೆಗಳ್ಳಿಯೇ. ಇದಕ್ಕೂ ಪಾಪಾಸುಕಳ್ಳಿಗೂ ರಕ್ತಸಂಬಂಧವಿಲ್ಲ. ಎಲೆಗಳ್ಳಿ, ಚದುರಗಳ್ಳಿಗಳನ್ನು ಕತ್ತರಿಸಿದರೆ ಬಿಳಿಯ ಹಾಲು ಸುರಿಯುತ್ತದೆ, ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ. ಬೇರೆ ಬೇರೆ ಖಂಡಗಳಲ್ಲಿ, ಬೇರೆ ಬೇರೆ ಕುಲಗಳಲ್ಲಿ ಹುಟ್ಟಿದ ಗಿಡಗಳು ಒಂದೇ ಕಷ್ಟಕ್ಕೆ ಒಂದೇ ಬಗೆಯ ಉಪಾಯ ಕಂಡುಕೊಂಡಿರುವುದು ಪ್ರಕೃತಿಯ ಸೋಜಿಗ.

ಇನ್ನೊಂದು ಉಪಾಯ ಕಣ್ಣಿಗೆ ಕಾಣದಂಥದು. ಸಾಮಾನ್ಯ ಸಸ್ಯಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಆಗ ನೀರೂ ಆವಿಯಾಗಿ ನಷ್ಟವಾಗುತ್ತದೆ. ಪಾಪಾಸುಕಳ್ಳಿ ರಂಧ್ರಗಳನ್ನು ತಂಪಾದ ರಾತ್ರಿಯಲ್ಲಿ ತೆರೆದು, ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು, ಸೂರ್ಯನ ಬೆಳಕಿನಲ್ಲಿ ಆ ದಾಸ್ತಾನಿನಿಂದಲೇ ಆಹಾರ ತಯಾರಿಸುತ್ತದೆ. ಈ ವ್ಯಾಪಾರದ ಸುಳಿವನ್ನು ಮೊದಲು ದಾಖಲಿಸಿದವರಲ್ಲಿ ಒಬ್ಬರು ಬೆಂಜಮಿನ್ ಹೇಯ್ನ್. ಟಿಪ್ಪುಸುಲ್ತಾನನ ಪತನಾನಂತರ ಬೆಂಗಳೂರಿನ ಲಾಲ್‌ಬಾಗ್ ಕೆಲಕಾಲ ಇವರ ಉಸ್ತುವಾರಿಯಲ್ಲಿತ್ತು. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿಯೂ ನಡುಹಗಲು ಸಪ್ಪೆಯಾಗಿಯೂ ಇರುವುದನ್ನು ಅವರು ನಾಲಿಗೆಯಿಂದಲೇ ಕಂಡು, 1813ರಲ್ಲಿ ಪತ್ರ ಮುಖೇನ ತಿಳಿಸಿದರು. ಇಲ್ಲಿ ಪಾಥರ್‌ಕುಚಿ ಎಂದು ಮನೆಮನೆಯಲ್ಲಿ ಬೆಳೆಸುವುದು ಅದೇ ಗಿಡ. ಆದರೆ ಓದುಗರು ಈ ಪ್ರಯೋಗವನ್ನು ತಾವೇ ಮಾಡುವುದು ಬೇಡ; ಆ ಎಲೆಯಲ್ಲಿ ಹೃದಯಕ್ಕೆ ಹಾನಿ ಮಾಡಬಲ್ಲ ಅಂಶಗಳೂ ಇವೆ.

ಪ್ರಾಣಿಗಳ ಜಾಣ್ಮೆಯೂ ಕಡಿಮೆಯದಲ್ಲ. ಒಂಟೆಯ ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು. ನೀರು ಸಿಗದಿದ್ದಾಗ ಅದು ತನ್ನ ಮೈಶಾಖವನ್ನು ರಾತ್ರಿ ಸುಮಾರು 34 ಡಿಗ್ರಿಗೆ ಇಳಿಯಗೊಟ್ಟು, ಹಗಲು 40 ಡಿಗ್ರಿಯವರೆಗೂ ಏರಲು ಬಿಟ್ಟು, ಬೆವರನ್ನು ಉಳಿಸುತ್ತದೆ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ವನ್ಯಜೀವಿಧಾಮ ಪಡೆದಿರುವ ಚಿಂಕಾರ ಮೇವಿನ ತೇವದಿಂದಲೇ ಬಹುದಿನ ಬದುಕಬಲ್ಲದು. ಒಣನಾಡಿನ ಕೆಲವು ಕಪ್ಪೆಗಳು ಮಣ್ಣಿನಲ್ಲಿ ಹೂತುಕೊಂಡು ಮುಂದಿನ ಮಳೆಗಾಗಿ ಕಾಯುತ್ತವೆ. ಹಲ್ಲಿ, ಉಡಗಳು ಕಶ್ಮಲವನ್ನು ಮೂತ್ರವಾಗಿ ಸುರಿಸದೆ ಬಿಳಿಯ ಯೂರಿಕ್ ಆಮ್ಲದ ಮುದ್ದೆಯಾಗಿ ಹೊರಹಾಕುತ್ತವೆ. ನಮ್ಮ ಮನೆಯ ಹಲ್ಲಿಯ ಹಿಕ್ಕೆಯ ತುದಿಯ ಬಿಳಿ ಚುಕ್ಕೆ ಇದಕ್ಕೆ ಸಾಕ್ಷಿ.

ಇನ್ನು ಕೋಲ್ಕತ್ತೆಯ ಪಾತ್ರ. ಪಾಪಾಸುಕಳ್ಳಿಯ ರಸ ಹೀರುವ ಕೊಚಿನೀಲ್ ಎಂಬ ಪುಟ್ಟ ಕೀಟ ಬಿಸಿಲಿನಿಂದ ಪಾರಾಗಲು ಮೈಮೇಲೆ ಬಿಳಿಯ ಮೇಣದ ಹತ್ತಿಯನ್ನು ಹೊದ್ದಿರುತ್ತದೆ. ಅದನ್ನು ಒಣಗಿಸಿ ಅರೆದರೆ ಕಡುಗೆಂಪು ಬಣ್ಣ ದೊರೆಯುತ್ತದೆ. ಈ ಲಾಭದಾಯಕ ವ್ಯಾಪಾರ ಸ್ಪೇನ್ ದೇಶದ ಕೈಯಲ್ಲಿತ್ತು. ಅದರಲ್ಲಿ ಪಾಲು ಬಯಸಿದ ಈಸ್ಟ್ ಇಂಡಿಯಾ ಕಂಪನಿಗಾಗಿ 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಕೀಟಗಳನ್ನು ಕೋಲ್ಕತ್ತೆಗೆ ತಂದರು. ಶಿಬಪುರದಲ್ಲಿ 1787ರಲ್ಲಿ ಸ್ಥಾಪಿತವಾಗಿದ್ದ ಸಸ್ಯೋದ್ಯಾನಕ್ಕೆ ಆಗ ವಿಲಿಯಂ ರಾಕ್ಸ್‌ಬರ್ಗ್ ಮೇಲ್ವಿಚಾರಕರು. ಆದರೆ ಬಂದದ್ದು ಬೇರೊಂದು ಜಾತಿಯ ಕೀಟ. ಅದರ ಬಣ್ಣ ಕಳಪೆ, ಹಸಿವು ಮಾತ್ರ ಅಪಾರ. ಅದು ಉತ್ತರ ಭಾರತದ ಕಳ್ಳಿಮೆಳೆಗಳನ್ನು ನಾಶಮಾಡಿತು. ಇದನ್ನು ಗಮನಿಸಿ 1836–38ರಲ್ಲಿ ಅದನ್ನು ಬೇಕೆಂದೇ ದಕ್ಷಿಣಕ್ಕೆ ಒಯ್ದರು. ಕೀಟದಿಂದ ಕಳೆಯನ್ನು ಹತೋಟಿಗೆ ತಂದ ಜಗತ್ತಿನ ಮೊದಲ ಉದಾಹರಣೆ ಇದೆನ್ನುತ್ತಾರೆ. ಅದಕ್ಕೆ ಬಗ್ಗದೆ ಉಳಿದ ಇನ್ನೊಂದು ಜಾತಿಯ ಪಾಪಾಸುಕಳ್ಳಿಗಾಗಿ 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಕೊಚಿನೀಲ್ ಕೀಟವನ್ನು ತರಿಸಲಾಯಿತು.

ತವರಿನ ಮರುಭೂಮಿಯಲ್ಲಿ ಬದುಕಿಸುವ ಗುಣವೇ, ಪರನಾಡಿನಲ್ಲಿ ಶತ್ರುಗಳಿಲ್ಲದಾಗ, ಆ ನಾಡಿಗೆ ಕಂಟಕವಾಗುತ್ತದೆ. ಇಂದು ಕರ್ನಾಟಕದ ಒಣನೆಲದಲ್ಲಿ ಬಳ್ಳಾರಿ ಜಾಲಿಯ ಕಥೆಯೂ ಹೀಗೆಯೇ. ಇದೂ ಅಮೆರಿಕದಿಂದ ಬಂದದ್ದು. ಇದರ ಬಳಗದ ಒಂದು ಗಿಡದ ಬೇರು ಅರಿಝೋನಾದ ಗಣಿಯೊಂದರಲ್ಲಿ 50 ಮೀಟರಿಗೂ ಹೆಚ್ಚಿನ ಆಳದಲ್ಲಿ ಕಂಡುಬಂದಿತ್ತು. ಬಡವರ ಒಲೆಗೆ ಸೌದೆಯಾಗುವ ಈ ಜಾಲಿ ಕೆರೆಯಂಗಳವನ್ನೂ ಗೋಮಾಳವನ್ನೂ ಆಕ್ರಮಿಸಿ, ಹುಲ್ಲನ್ನೂ ಹುಲ್ಲನ್ನು ನಂಬಿದ ಜೀವಿಗಳನ್ನೂ ಹೊರದೂಡುತ್ತಿದೆ.

ಊರಿನ ಜಮೀನಿಗೆ ಬೇಲಿ ಹಾಕಿಸುವಾಗ, ಬರಡು ನೆಲದಲ್ಲಿ ಸಸಿ ನೆಡಿಸುವಾಗ, ಬೇಗ ಬೆಳೆಯುವ ಹೊರಗಿನ ಗಿಡಕ್ಕಿಂತ ಆ ನೆಲದ್ದೇ ಆದ ಗಿಡವನ್ನು ಆರಿಸುವುದು ಲೇಸು. ಬಾಲ್ಕನಿಯ ಕಳ್ಳಿಗಿಡಕ್ಕೆ ಮಾತ್ರ ಅರ್ಧದಷ್ಟು ಮರಳು ಬೆರೆಸಿದ ಮಣ್ಣು ಹಾಕಿ, ಮಳೆಗಾಲದಲ್ಲಿ ಸೂರಿನಡಿ ಇಡಿ. ಈ ಶ್ರಾವಣವನ್ನು ಅದು ದಾಟೀತು.