ಗುಜರಿಗೆ ಹಾಕುವ ಮೊದಲು ಆ ಹಳೇ ವಿಸಿಲನ್ನು ಒಮ್ಮೆ ಓದಿ

ಎಣ್ಮಕಜೆಯವರಿಗೆ ವಿಸಿಲ್ ಅಂದ ಕೂಡಲೇ ನೆನಪಾಗುವುದು ಬಸ್ಸು. ಕಾಸರಗೋಡು ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಹಗ್ಗ ಎಳೆದು ಬೆಲ್ ಹೊಡೆಯುತ್ತಾರೆ. ಒಂದು ಬೆಲ್ ನಿಲ್ಲಿಸಲು, ಎರಡು ಬೆಲ್ ಹೊರಡಲು. ಪೆರ್ಲದಿಂದ ಅಡ್ಯನಡ್ಕ ದಾಟಿ ವಿಟ್ಲ, ಮಂಗಳೂರು ಕಡೆ ಹೋದರೆ ಅದೇ ಕೆಲಸವನ್ನು ಕಂಡಕ್ಟರ್ ಬಾಯಲ್ಲಿರುವ ವಿಸಿಲ್ ಮಾಡುತ್ತದೆ.

ಇವತ್ತಿನ ಪ್ಲಾಸ್ಟಿಕ್ ವಿಸಿಲ್‌ಗೆ ಒಬ್ಬ ಹಿರಿಯಣ್ಣ ಇದ್ದಾನೆ. ಅದು ಪೊಲೀಸರು ಮತ್ತು ಸೈನಿಕರು ಬಳಸುತ್ತಿದ್ದ ಹಿತ್ತಾಳೆ ವಿಸಿಲ್. ಹಳೇ ಮನೆಯ ಅಟ್ಟ, ಕಬ್ಬಿಣದ ಪೆಟ್ಟಿಗೆ, ಮುರಿದ ಬೀಗಗಳ ಡಬ್ಬಿಯಲ್ಲಿ ಒಂದೊಂದು ಸಿಗುವುದುಂಟು. ಹೆಚ್ಚಿನವರು ಅದನ್ನು ಹಿತ್ತಾಳೆ ತೂಕಕ್ಕೆ ಗುಜರಿಗೆ ಕೊಟ್ಟುಬಿಡುತ್ತಾರೆ. ನಮ್ಮ ಸಮುದಾಯದ ಹಲವರು ಗುಜರಿ ವ್ಯಾಪಾರದಲ್ಲಿದ್ದಾರೆ. ಹಾಗಾಗಿ ಇಂಥ ವಸ್ತುವನ್ನು ಕೊನೆಯದಾಗಿ ನೋಡುವ ಕಣ್ಣು ಅನೇಕ ಸಲ ನಮ್ಮದೇ. ಕುಲುಮೆಗೆ ಹೋದ ಮೇಲೆ ಅದರ ಮೇಲಿದ್ದ ಅಕ್ಷರ ಮತ್ತೆ ಬರುವುದಿಲ್ಲ. ಆದ್ದರಿಂದ ಅದನ್ನು ಓದುವುದು ಹೇಗೆಂದು ಮೊದಲು ತಿಳಿದುಕೊಳ್ಳೋಣ.

ಹುಟ್ಟಿದ್ದು ಎಲ್ಲಿ?

ಲಂಡನ್ ಪೊಲೀಸರು ಮೊದಲು ಸಹಾಯಕ್ಕೆ ಕರೆಯಲು ಬಳಸುತ್ತಿದ್ದದ್ದು ತಿರುಗಿಸಿದರೆ ಕಟಕಟ ಎನ್ನುವ ಮರದ ಗಿರಕಿ. ಅದು ಭಾರ, ಸದ್ದೂ ದೂರ ಹೋಗುತ್ತಿರಲಿಲ್ಲ. 1883-84ರ ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ನ ಜೋಸೆಫ್ ಹಡ್ಸನ್ ಎಂಬ ಕುಶಲಕರ್ಮಿ ತಯಾರಿಸಿದ ವಿಸಿಲ್ ಆ ಜಾಗಕ್ಕೆ ಬಂತು. ಅವರು ಕಟ್ಟಿದ ಜೆ. ಹಡ್ಸನ್ ಕಂಪೆನಿ ಆಕ್ಮೆ ಎಂಬ ಹೆಸರಿನಲ್ಲಿ ಈಗಲೂ ಅದೇ ಊರಿನಲ್ಲಿ ವಿಸಿಲ್ ಮಾಡುತ್ತಿದೆ. ಬ್ರಿಟಿಷರ ಆಳ್ವಿಕೆ ಇದ್ದ ಕಡೆಗೆಲ್ಲ ಈ ವಿಸಿಲ್ ಹೋಯಿತು, ನಮ್ಮ ದೇಶಕ್ಕೂ ಬಂತು.

ಎರಡು ಜಾತಿ

ಮೊದಲನೆಯದು ಕೊಳವೆ ವಿಸಿಲ್. ಬೆರಳಿನಷ್ಟು ಉದ್ದದ ದುಂಡು ಕೊಳವೆ, ತುದಿಯಲ್ಲಿ ಚೈನ್ ಹಾಕಲು ಬಳೆ. ಎರಡು ಬದಿಯಲ್ಲಿ ಒಂದೊಂದು ಕಿಂಡಿ ಇರುತ್ತದೆ. ಒಳಗೆ ಎರಡು ಗಾಳಿಕೋಣೆಗಳು, ಒಂದು ಸ್ವಲ್ಪ ಉದ್ದ, ಇನ್ನೊಂದು ಸ್ವಲ್ಪ ಗಿಡ್ಡ. ಊದಿದಾಗ ಹತ್ತಿರ ಹತ್ತಿರದ ಎರಡು ಸ್ವರ ಒಟ್ಟಿಗೆ ಹೊರಟು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆ ಕರ್ಕಶವೇ ಅದರ ಶಕ್ತಿ. ಪೇಟೆಯ ಗದ್ದಲದಲ್ಲೂ ಕಿವಿಗೆ ಬೀಳುತ್ತದೆ.

ಎರಡನೆಯದು ಬಸವನಹುಳು ಆಕಾರದ್ದು. ಒಳಗೆ ಕಾರ್ಕಿನ ಸಣ್ಣ ಉಂಡೆ ಇದ್ದು, ಊದಿದಾಗ ಅದು ಕುಣಿದು ‘ಟ್ರಿರ್ರ್’ ಎನ್ನುತ್ತದೆ. ಹಡ್ಸನ್ ಕಂಪೆನಿಯ ‘ಆಕ್ಮೆ ಥಂಡರರ್’ ಇದರಲ್ಲಿ ಪ್ರಸಿದ್ಧ. ಆಟದ ಮೈದಾನದ ರೆಫ್ರಿ, ರೈಲ್ವೆ ಗಾರ್ಡ್, ಪೊಲೀಸ್ ಎಲ್ಲರೂ ಬಳಸಿದ ಜಾತಿ ಇದು. ಆದ್ದರಿಂದ ಆಕಾರ ನೋಡಿ ಮಾತ್ರ ‘ಇದು ಮಿಲಿಟರಿ’ ಎಂದು ಹೇಳಲು ಆಗುವುದಿಲ್ಲ.

ಅಕ್ಷರ ಓದುವ ಕ್ರಮ

ಹಗಲು ಬೆಳಕಿನಲ್ಲಿ, ಓರೆಯಾಗಿ ಹಿಡಿದು ನೋಡಿ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದರೆ ಇನ್ನೂ ಸುಲಭ.

ಮೊದಲು ವಿಳಾಸ ಹುಡುಕಿ. ಹಡ್ಸನ್ ವಿಸಿಲ್‌ಗಳಲ್ಲಿ ‘13 ಬಾರ್ ಸ್ಟ್ರೀಟ್’ ಎಂದಿದ್ದರೆ ಅದು ಸುಮಾರು 1888ರಿಂದ 1909ರ ನಡುವಿನದ್ದು. ‘244 ಬಾರ್ ಸ್ಟ್ರೀಟ್’ ಎಂದಿದ್ದರೆ 1909ರ ಅನಂತರದ್ದು.

ಆಮೇಲೆ ಬಾಣದ ಗುರುತು. ಮೂರು ಗೆರೆಯ, ಮೇಲ್ಮುಖದ ಸಣ್ಣ ಬಾಣ ಕಂಡರೆ ಅದು ಬ್ರಿಟಿಷ್ ಸರ್ಕಾರದ ಸ್ವತ್ತಾಗಿತ್ತು ಎಂದರ್ಥ. ಜೊತೆಗೆ 1915, 1916ರಂತೆ ಇಸವಿ ಇದ್ದರೆ ಮೊದಲ ಮಹಾಯುದ್ಧದ ಕಾಲದ್ದು. ಆ ಯುದ್ಧದಲ್ಲಿ ಕಂದಕದಿಂದ ಮೇಲೆದ್ದು ದಾಳಿಗೆ ನುಗ್ಗಿ ಎಂದು ಅಧಿಕಾರಿಗಳು ಆಜ್ಞೆ ಕೊಡುತ್ತಿದ್ದದ್ದು ಇಂಥ ವಿಸಿಲ್ ಊದಿಯೇ. 1914ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಗೆ ಬಂದಿಳಿದ ಭಾರತೀಯ ಸೈನಿಕರೂ ಅಲ್ಲಿನ ರಣರಂಗದಲ್ಲಿದ್ದರು.

ಎ.ಆರ್.ಪಿ. ಎಂಬ ಅಕ್ಷರ ಇದ್ದರೆ ಎರಡನೇ ಮಹಾಯುದ್ಧದ ವಿಮಾನ ದಾಳಿ ಮುನ್ನೆಚ್ಚರಿಕೆ ದಳದ್ದು. ಎ.ಎಂ. ಮತ್ತು 23/230 ಎಂದಿದ್ದರೆ ಬ್ರಿಟನ್ನಿನ ವಾಯುಪಡೆಯದ್ದು. ವಿಮಾನ ಸಮುದ್ರಕ್ಕೆ ಬಿದ್ದರೆ ಊದಿ ಕರೆಯಲು ಪೈಲಟ್‌ಗಳು ಅದನ್ನು ಕಾಲರ್‌ಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ಇಲ್ಲಿ ಎರಡು ಕಡೆ ಅವಸರ ಬೇಡ. ‘ದ ಮೆಟ್ರೊಪಾಲಿಟನ್’ ಎಂಬುದು ಒಂದು ಮಾದರಿಯ ಹೆಸರೂ ಹೌದು. ಹಾಗೆ ಬರೆದದ್ದೆಲ್ಲ ಲಂಡನ್ ಪೊಲೀಸರದ್ದಲ್ಲ. ಬರೀ ಎಂ.ಪಿ. ಎಂದಿದ್ದರೆ ಅದನ್ನು ಮೆಟ್ರೊಪಾಲಿಟನ್ ಪೊಲೀಸ್, ಮಿಲಿಟರಿ ಪೊಲೀಸ್, ಮದ್ರಾಸ್ ಪೊಲೀಸ್, ಹೇಗೆ ಬೇಕಾದರೂ ಓದಬಹುದು. ಬೇರೆ ಸಾಕ್ಷ್ಯ ಸಿಗುವ ತನಕ ತೀರ್ಪು ಕೊಡಬೇಡಿ.

ನಮ್ಮ ಗಡಿಯ ಲೆಕ್ಕ

ಎಣ್ಮಕಜೆಯ ವಿಸಿಲ್‌ಗೆ ಇನ್ನೊಂದು ಲೆಕ್ಕ ಉಂಟು. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಿಲ್ಲಾ ಕೇಂದ್ರ ಮಂಗಳೂರು, ಸರ್ಕಾರ ಮದ್ರಾಸಿನದ್ದು. ಆ ದಿನದಿಂದ ಕೇರಳ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಅಂದರೆ ಹಳ್ಳಿ ಅಲ್ಲೇ ಇದ್ದರೂ ಪೊಲೀಸರ ಟೋಪಿ, ಬ್ಯಾಡ್ಜ್, ಕಡತದ ಭಾಷೆ ಬದಲಾದವು. ನಿಮ್ಮ ಮನೆಯ ಹಿರಿಯರೊಬ್ಬರು 1950ರಲ್ಲಿ ಪೊಲೀಸರಾಗಿದ್ದರೆ ಅವರದು ಮದ್ರಾಸ್ ಸರ್ಕಾರದ ನೌಕರಿ. ಅವರ ದಾಖಲೆ ತಿರುವನಂತಪುರದಲ್ಲಿ ಮಾತ್ರ ಹುಡುಕಿದರೆ ಸಾಲದು, ಮಂಗಳೂರು, ಚೆನ್ನೈ ಕಡೆಯೂ ನೋಡಬೇಕಾದೀತು. ಫೋಟೊ ಇಲ್ಲದ, ಬರೆದಿಟ್ಟದ್ದು ಏನೂ ಇಲ್ಲದ ಒಬ್ಬ ಮನುಷ್ಯನ ನೌಕರಿಗೆ ಉಳಿದ ಒಂದೇ ಗುರುತು ವಿಸಿಲ್ ಮೇಲಿನ ನಂಬರ್ ಆಗಿರಬಹುದು.

ನಕಲಿ ಗುರುತಿಸುವುದು

ಆನ್‌ಲೈನ್‌ನಲ್ಲಿ ‘ಟೈಟಾನಿಕ್’, ‘ವೈಟ್ ಸ್ಟಾರ್ ಲೈನ್’ ಎಂದು ಬರೆದ ಹೊಳೆಯುವ ವಿಸಿಲ್ ಬೇಕಾದಷ್ಟು ಸಿಗುತ್ತವೆ. ಇವು ಈಗ ತಯಾರಾಗುವ ಅಲಂಕಾರದ ಸಾಮಾನು, ನಮ್ಮ ದೇಶದಲ್ಲೇ ಆದವೂ ಬಹಳ. ಹಳೆಯದೆಂದು ಕಾಣಲು ಆಸಿಡ್ ಹಾಕಿ ಕಪ್ಪು ಮಾಡುವವರೂ ಇದ್ದಾರೆ. ಅಸಲಿಯಲ್ಲಿ ಅಕ್ಷರವನ್ನು ಉಕ್ಕಿನ ಅಚ್ಚಿನಿಂದ ಒತ್ತಿರುತ್ತಾರೆ, ಅಂಚು ಚೂಪಾಗಿರುತ್ತದೆ. ನಕಲಿಯಲ್ಲಿ ಅಕ್ಷರ ಕರಗಿದ ಹಾಗೆ ಮಂಕು, ಸಾಲು ಓರೆಕೋರೆ. ಅಸಲಿಯ ಸವೆತ ಬಾಯಿಗೆ ಇಡುವ ಜಾಗ ಮತ್ತು ಬಳೆ ಉಜ್ಜುವ ಜಾಗದಲ್ಲಿ ಹೆಚ್ಚು. ನಕಲಿಯಲ್ಲಿ ಎಲ್ಲ ಕಡೆ ಒಂದೇ ತರಹದ ಕಪ್ಪು. ಅಸಲಿ ಕೊಳವೆ ವಿಸಿಲಿನಲ್ಲಿ ಎರಡು ಸ್ವರ ಸ್ಪಷ್ಟ. ನಕಲಿ ಬರೀ ಗಾಳಿ ಬಿಟ್ಟ ಹಾಗೆ ಕೇಳುತ್ತದೆ.

ಸಿಕ್ಕಿದ ಮೇಲೆ ಏನು ಮಾಡಬೇಕು?

ಹುಣಸೆಹುಳಿ, ಬೂದಿ, ಪಾಲಿಶ್ ಹಾಕಿ ತಿಕ್ಕಬೇಡಿ. ನಿಕ್ಕಲ್ ಲೇಪ ಎದ್ದುಹೋಗುತ್ತದೆ, ಅಕ್ಷರ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ಮೃದು ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಿಲುಬು ಹಿಡಿದದ್ದನ್ನು ಬಾಯಿಗೆ ಇಡಬೇಡಿ, ಮಕ್ಕಳ ಕೈಗೂ ಕೊಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಹಿತ್ತಾಳೆ ಬೇಗ ಹಸಿರಾಗುತ್ತದೆ, ಒಣ ಡಬ್ಬಿಯಲ್ಲಿಡಿ. ಹಳೇ ಚೈನ್, ಹಗ್ಗ ಇದ್ದರೆ ಬಿಚ್ಚಬೇಡಿ.

ಕಾನೂನೂ ಗೊತ್ತಿರಲಿ. 1972ರ ಪ್ರಾಚೀನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಂಥ ವಸ್ತುಗಳ ವ್ಯಾಪಾರಕ್ಕೆ ಲೈಸನ್ಸ್ ಬೇಕು. 1915ರ ವಿಸಿಲ್ ಈಗ ನೂರು ದಾಟಿದೆ. ಗಲ್ಫ್‌ನಲ್ಲಿ ಒಳ್ಳೆ ರೇಟು ಸಿಗುತ್ತದೆಂದು ಬ್ಯಾಗಿಗೆ ಹಾಕಿಕೊಂಡು ವಿಮಾನ ಹತ್ತುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. ಈಗ ಸೇವೆಯಲ್ಲಿರುವ ಪೊಲೀಸ್ ಇಲಾಖೆಯ ಸಾಮಾನು ಯಾರಾದರೂ ಮಾರಲು ತಂದರೆ ಮುಟ್ಟಲೇಬೇಡಿ.

ಸಂಗ್ರಹ ಶುರು ಮಾಡುವ ಯುವಕರಿಗೆ ದೊಡ್ಡ ದುಡ್ಡು ಬೇಡ, ಒಂದು ನೋಟ್‌ಬುಕ್ ಸಾಕು. ವಿಸಿಲ್ ಎಲ್ಲಿ ಸಿಕ್ಕಿತು, ಯಾರ ಮನೆಯದ್ದು, ಅವರು ಏನು ಕೆಲಸ ಮಾಡುತ್ತಿದ್ದರು, ಮೇಲೆ ಏನು ಬರೆದಿದೆ, ಇಷ್ಟನ್ನು ಅದೇ ದಿನ ಬರೆದಿಡಿ. ಗುಜರಿ ಅಂಗಡಿಯ ಕಾಕನವರಿಗೂ ಒಂದು ಮಾತು ಹೇಳಿಡಿ: ಹಿತ್ತಾಳೆ ರಾಶಿಯಲ್ಲಿ ವಿಸಿಲ್ ಕಂಡರೆ ಪಕ್ಕಕ್ಕೆ ಇಡಿ, ತೂಕದ ದುಡ್ಡಿಗಿಂತ ಸ್ವಲ್ಪ ಹೆಚ್ಚೇ ಕೊಡುತ್ತೇವೆ ಅಂತ. ಈ ವಾರ ಮನೆಯ ಹಳೇ ಪೆಟ್ಟಿಗೆಯನ್ನು ಒಮ್ಮೆ ತೆರೆಯಿರಿ. ಹಿರಿಯರು ಇರುವಾಗಲೇ ಅದರಲ್ಲಿರುವುದು ಯಾರದ್ದೆಂದು ಕೇಳಿಕೊಳ್ಳಿ.